ಎರಡು ಗಂಟೆ ಕೂರಿಸುವ ಮೇಜು

ಜೆಸಿಂತಾಬಾಯಿ ಅರ್ಧ ನಿಂಬೆಹೋಳನ್ನು ಉಪ್ಪಿಗೆ ಅದ್ದಿ ನನ್ನ ಮೈಮೇಲಿನ ಟೊಮೆಟೊ ಕಲೆಯನ್ನು ಉಜ್ಜುತ್ತಿದ್ದರು. ಮಧ್ಯಾಹ್ನದ ಗಿರಾಕಿಗಳು ಎದ್ದುಹೋದ ಮೇಲೆ ದಿನವೂ ನಡೆಯುವ ಕೆಲಸ ಇದು. ಒಂದು ಕೈ ಉಜ್ಜುತ್ತದೆ, ಇನ್ನೊಂದು ಕೈ ನಾನು ಅಲುಗದಂತೆ ಅಂಚು ಹಿಡಿದಿರುತ್ತದೆ. ಅಷ್ಟರಲ್ಲಿ ಹೊಸ್ತಿಲ ಆಚೆ ಒಂದು ಜೊತೆ ಚಪ್ಪಲಿ ಬಂದು ನಿಂತಿತು. ಬಲಗಾಲು ಒಳಗೆ ಬಂತು, ಹಿಂದಕ್ಕೆ ಹೋಯಿತು, ಮತ್ತೆ ಬಂತು. ಏನೋ ದೊಡ್ಡ ಚಿಂತೆ ಹೊತ್ತ ಕಾಲುಗಳು ಅಂತ ನನಗೆ ಆಗಲೇ ಅನ್ನಿಸಿತು.

ನಾನು ಒಂದು ಮೇಜು. ಜನರನ್ನು ಮೊದಲು ಕಾಲಿನಿಂದ ಗುರುತು ಹಿಡಿಯುತ್ತೇನೆ, ಮುಖ ಆಮೇಲೆ. ಹುಟ್ಟುವಾಗ ನಾನು ಮೇಜಾಗಿರಲಿಲ್ಲ, ಹೊಲಿಗೆ ಮಿಷನ್ನಿನ ಕಾಲಾಗಿದ್ದೆ. ಎರಡು ಬದಿಗೆ ಬಳ್ಳಿಯಂತೆ ಸುತ್ತಿದ ಎರಕದ ಕಬ್ಬಿಣ, ಕೆಳಗೆ ತುಳಿಯುವ ಪೆಡಲು, ಬಲಗಡೆ ಒಂದು ಚಕ್ರ. ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಖಮರುನ್ನೀಸಾ ಎಂಬಾಕೆ ನನ್ನನ್ನು ತುಳಿದು ಮೂವತ್ತು ವರ್ಷ ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿದಳು. ಆಮೇಲೆ ಕರೆಂಟಿನ ಮಿಷನ್ನು ಬಂತು. ನನ್ನ ತಲೆ ಒಂದು ಕಡೆ ಹೋಯಿತು, ಕಾಲು ಗುಜರಿಗೆ ಬಂತು. ಹರಿದ ಟೈರುಗಳ ಹಿಂದೆ ತುಕ್ಕು ಹಿಡಿಯುತ್ತ ಎಷ್ಟು ವರ್ಷ ಕೂತಿದ್ದೆನೋ, ಎಣಿಸುವುದನ್ನೇ ಬಿಟ್ಟಿದ್ದೆ.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಬಂದವರು ಜೆಸಿಂತಾಬಾಯಿ. ಮಂಗಳೂರು ಕಡೆಯವರು. ರೋಮಿನಲ್ಲಿ ಒಬ್ಬ ಹಣ್ಣು ಮುದುಕಿಯನ್ನು ಹದಿನಾರು ವರ್ಷ ನೋಡಿಕೊಂಡು, ಅವಳ ಕೈಯಡುಗೆಯನ್ನೆಲ್ಲ ಕಲಿತು, ಅವಳನ್ನು ಮಣ್ಣು ಮಾಡಿದ ಮೇಲೆ ಊರಿಗೆ ಬಂದವರು. ಗೋಕುಲಂನಲ್ಲಿ ಒಂದು ಮನೆಯ ಮುಂಭಾಗ ಹಿಡಿದು ಆರು ಮೇಜಿನ ಇಟಾಲಿಯನ್ ಹೋಟೆಲು ತೆರೆದರು. ನನ್ನ ತುಕ್ಕು ಕೆರೆದು, ಹಳೆಯ ಬಾಗಿಲಿನ ಹಲಗೆಯೊಂದನ್ನು ಮೇಲೆ ಕೂರಿಸಿದರು. ಕಿಟಕಿಯ ಪಕ್ಕ ನಾಲ್ಕನೆಯವನಾಗಿ ನಿಂತೆ. ಅರ್ಧ ಮಿಷನ್ನು, ಅರ್ಧ ಬಾಗಿಲು.

ಚಪ್ಪಲಿಯ ವಿಷಯಕ್ಕೆ ಬರುತ್ತೇನೆ.

"ಊಟ ಮುಗಿಯಿತು ಮಾರಾಯ್ರೆ. ಸಂಜೆ ಏಳಕ್ಕೆ ಬನ್ನಿ," ಅಂದರು ಜೆಸಿಂತಾಬಾಯಿ.

"ಊಟಕ್ಕಲ್ಲ ಮೇಡಂ. ಒಂದು ವಿಷ್ಯ ಕೇಳ್ಬೇಕಿತ್ತು. ನಿಮ್ಮಲ್ಲಿ ಜನರನ್ನ ಎಷ್ಟು ಹೊತ್ತು ಕೂರಿಸ್ತೀರ?"

"ಕೂರಿಸುವುದಾ? ಇದೆಂತ ಪೊಲೀಸ್ ಸ್ಟೇಷನ್ನಾ?"

"ಹಂಗಲ್ಲ. ತಿಂದಾದ್ಮೇಲೂ ಕೂತಿದ್ರೆ ಎದ್ದೇಳಿ ಅನ್ನಲ್ವಲ್ಲ?"

"ಎರಡು ಗಂಟೆ ಕೂತರೂ ಅನ್ನುವುದಿಲ್ಲ. ಇಟಲಿಯ ಊಟವೇ ಹಾಗೆ, ಒಂದೊಂದೇ ಬರುತ್ತದೆ. ಯಾರು ಬರುವುದು?"

"ಒಬ್ರು ಹೆಂಗಸು. ಅವ್ರನ್ನ ಇನ್ನೂ ಕೇಳಿಲ್ಲ."

"ಊಟಕ್ಕಾ?"

"ಮದ್ವೆಗೆ."

ಜೆಸಿಂತಾಬಾಯಿ ನಿಂಬೆಹೋಳು ಕೆಳಗಿಟ್ಟು ಕುರ್ಚಿ ಎಳೆದು ಕೊಟ್ಟರು. ಆಮೇಲೆ ಎಲ್ಲ ಹೊರಗೆ ಬಂತು. ಹೆಸರು ಗುರುಮಲ್ಲು. ವಯಸ್ಸು ನಲವತ್ತನಾಲ್ಕು. ಬಸ್ ನಿಲ್ದಾಣದ ಗೂಡಿನಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಅಂತ ಮೈಕಿನಲ್ಲಿ ಕೂಗುವುದು ಅವನ ಕೆಲಸ. ದಾಕ್ಷಾಯಿಣಿ ಎಂಬಾಕೆ ಅದೇ ನಿಲ್ದಾಣಕ್ಕೆ ಬರುವ ಬಸ್ಸಿನ ಕಂಡಕ್ಟರು, ಗಂಡ ತೀರಿಕೊಂಡು ಒಂಬತ್ತು ವರ್ಷ ಆಗಿದೆ. ಒಂದು ದಿನ ನಿಂತುಕೊಂಡೇ ಚಿತ್ರಾನ್ನ ನುಂಗುತ್ತಾ ಆಕೆ, "ಒಂದ್ಸಲನಾದ್ರೂ ಯಾರೂ ಹಾರ್ನ್ ಹೊಡೀದಿರೋ ಕಡೆ ಕೂತ್ಕೊಂಡು ಉಣ್ಬೇಕು" ಅಂದಿದ್ದಳು. ಇಟಲಿಯವರು ಕೂತರೆ ಏಳುವುದಿಲ್ಲವಂತೆ ಅಂತ ಡಿಪೋದಲ್ಲಿ ಯಾರೋ ಹೇಳಿದರು. ಅವತ್ತಿನಿಂದ ಮೂರು ತಿಂಗಳು ಇಂಥ ಹೋಟೆಲು ಹುಡುಕಿದ್ದೇ ಹುಡುಕಿದ್ದು. ಒಂದು ಕಡೆ ಗೋಡೆಯಷ್ಟು ದೊಡ್ಡ ಟೀವಿಯಲ್ಲಿ ಕ್ರಿಕೆಟ್ಟು. ಇನ್ನೊಂದು ಕಡೆ ನಿಂತೇ ತಿನ್ನಬೇಕು. ಮೂರನೆಯದು ಚೆನ್ನಾಗಿತ್ತು, ಮೇಣದ ಬತ್ತಿ ಹಚ್ಚಿದ್ದರು, ಆದರೆ ತನ್ನ ಕೈ ತನಗೇ ಕಾಣದಷ್ಟು ಕತ್ತಲೆ.

"ನನ್ನ ಮುಖ ಕಾಣ್ದೆ ಹೂಂ ಅಂದ್ರೆ ಅದು ಹೂಂ ಅಲ್ಲ ಮೇಡಂ," ಅಂದ.

ನನ್ನ ಎರಡೂ ಕುರ್ಚಿಗಳಲ್ಲಿ ಕೂತು ನೋಡಿದ. ಬಿಸಿಲು ಆಕೆಯ ಕಣ್ಣಿಗೆ ಬೀಳುತ್ತದೋ ಅಂತ ನೋಡಿದ. ಅವನಿಗೇ ಗೊತ್ತಿಲ್ಲದ ಹಾಗೆ ಕಾಲು ಪೆಡಲನ್ನು ತುಳಿಯತೊಡಗಿತು, ಚಕ್ರ ತಿರುಗಿ ನನ್ನ ಮೈ ನಡುಗಿತು.

"ಈ ಟೇಬಲ್ ಅಲ್ಲಾಡುತ್ತಾ?"

"ನೀವು ತುಳಿದರೆ ಅಲ್ಲಾಡುತ್ತದೆ."

ಗುರುವಾರ ಆಕೆಗೆ ವಾರದ ರಜೆ. ಅವತ್ತು ಹನ್ನೆರಡೂವರೆಗೆ ಅಂತ ನಿಗದಿಯಾಯಿತು. ನಡುವಿನ ಮೂರು ದಿನ ನನಗೆ ನೆಮ್ಮದಿ ಇರಲಿಲ್ಲ. ತಟ್ಟೆ ಲೋಟ ಹೊತ್ತು ಅಭ್ಯಾಸವಿದ್ದ ನನಗೆ ಒಬ್ಬನ ಬದುಕಿನ ಭಾರ ಹೊಸದು. ಆ ದಿನವೇ ಒಂದು ಕಾಲು ಕುಂಟಿಬಿಟ್ಟರೆ?

ದಾಕ್ಷಾಯಿಣಿ ಬಂದಳು. ನಿಂತು ನಿಂತು ಊದಿದ ಕಣಕಾಲು, ಬಿರಿದ ಹಿಮ್ಮಡಿ. ಕೂತಮೇಲೂ ಎರಡು ಪಾದಗಳನ್ನು ಅಗಲಿಸಿ ಗಟ್ಟಿಯಾಗಿ ಊರಿದ್ದಳು, ನೆಲ ಯಾವಾಗ ಬೇಕಾದರೂ ತಿರುವು ತೆಗೆದುಕೊಳ್ಳಬಹುದು ಅನ್ನುವವಳ ಹಾಗೆ.

ಗುರುಮಲ್ಲುವಿನ ಲೆಕ್ಕಾಚಾರ ಹೀಗಿತ್ತು: ಮೊದಲು ಬ್ರೆಡ್ಡು, ಆಮೇಲೆ ಸೂಪು, ಆಮೇಲೆ ಪಾಸ್ತಾ, ಕೊನೆಗೆ ಸಿಹಿ. ಸಿಹಿ ಬರುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿರುತ್ತದೆ, ಧೈರ್ಯ ಬಂದಿರುತ್ತದೆ, ಕೇಳಿಬಿಡುವುದು. ಆದರೆ ಬಸ್ಸಿನವರ ಊಟ ಅವನಿಗೆ ನೆನಪಾಗಬೇಕಿತ್ತು. ಅವನು ತೊಡೆಯ ಮೇಲೆ ಬಟ್ಟೆ ಹಾಸಿಕೊಳ್ಳುವಷ್ಟರಲ್ಲಿ ಆಕೆಯ ಬ್ರೆಡ್ಡು ಮುಗಿದಿತ್ತು. ಸೂಪನ್ನು ಲೋಟದ ಕಾಫಿಯಂತೆ ಕುಡಿದಳು. ಫೋರ್ಕನ್ನು ಒಮ್ಮೆ ತಿರುಗಿಸಿ ನೋಡಿ, "ಅಕ್ಕ, ಚಮಚ ಕೊಡಿ" ಅಂದಳು. ಹೆದರಿಕೆಗೋ ಏನೋ, ಅವನೂ ಅದೇ ವೇಗದಲ್ಲಿ ತಿಂದ. ಹನ್ನೆರಡು ಐವತ್ತೆರಡಕ್ಕೆ ಸಿಹಿಯೂ ಖಾಲಿ.

ಜೆಸಿಂತಾಬಾಯಿ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಬಿಟ್ಟು ನಿಂತರು. "ನಿಮಗೆಂತ ಬಸ್ಸು ಹೋಗಲಿಕ್ಕುಂಟಾ?"

"ಅಭ್ಯಾಸ ಅಕ್ಕ. ಇಪ್ಪತ್ತು ನಿಮಿಷ ಆದ್ರೆ ಡ್ರೈವರು ಮುಖ ಊದಿಸ್ತಾನೆ." ದಾಕ್ಷಾಯಿಣಿ ಕೈಗಡಿಯಾರ ನೋಡಿದಳು. "ಹೊರಡೋಣ್ವಾ?"

ಅವನ ಕಾಲು ಪೆಡಲು ಸೇರಿತು. ಚಕ್ರ ತಿರುಗಿತು. ಖಾಲಿ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನತೊಡಗಿದವು. ನಿಲ್ಲಿಸೋಣವೆಂದರೆ ನನ್ನ ಕೈಯಲ್ಲಿ ಏನಿದೆ?

"ಗುರುಮಲ್ಲು ಅವ್ರೆ, ಹಿಂಗೆ ತುಳೀತಿದ್ರೆ ಸಂಜೆಯೊಳ್ಗೆ ಒಂದು ಲಂಗ ಹೊಲ್ದು ಮುಗಿಸ್ತೀರ."

ಅವಳು ಚಪ್ಪಲಿ ಬಿಟ್ಟು ತನ್ನ ಪಾದವನ್ನು ಪೆಡಲಿನ ಇನ್ನೊಂದು ತುದಿಗೆ ಇಟ್ಟು ಒತ್ತಿ ಹಿಡಿದಳು. ಚಕ್ರ ನಿಂತಿತು. ಇಷ್ಟು ವರ್ಷದಲ್ಲಿ ನನ್ನ ಪೆಡಲಿನ ಮೇಲೆ ಇಬ್ಬರ ಕಾಲು ಇದ್ದದ್ದು ಅದೇ ಮೊದಲು.

"ನೀವು ಕರ್ಕೊಂಡು ಬಂದಿದ್ದು ಯಾಕೆ ಅಂತ ಡಿಪೋಗೆಲ್ಲ ಗೊತ್ತು," ಅಂದಳು. "ನೀವು ಹೇಳೋದೊಂದೇ ಬಾಕಿ."

"ಮೈಕಲ್ಲಿ ಹೇಳೋವಾಗ ಎದುರಿಗೆ ಯಾರ್ ಮುಖನೂ ಇರಲ್ಲ. ಅದಕ್ಕೆ ಸಲೀಸು." ಅವನು ನನ್ನ ಹಲಗೆಯನ್ನೇ ನೋಡುತ್ತಿದ್ದ. ಆಮೇಲೆ ತಲೆ ಎತ್ತಿದ. "ನನ್ನನ್ನ ಮದ್ವೆ ಆಗ್ತೀರ?"

ಈಗ ಪೆಡಲು ತುಳಿದದ್ದು ಅವಳ ಕಾಲು.

"ನನಗೆ ಇಷ್ಟ ಇಲ್ದೆ ಇಲ್ಲ. ಆದ್ರೆ ಈ ಕೆಲ್ಸ ನನ್ನ ಗಂಡಂದು. ಅವ್ರು ಸತ್ತಾಗ ಮನೇಲಿ ಒಬ್ರಿಗೆ ಅಂತ ಕೊಟ್ಟಿದ್ದು. ನನ್ನ ಮೈದುನ ತನಗೆ ಬೇಕು ಅಂತ ಕೂತಿದ್ದ. ನಮ್ಮತ್ತೆ ಆಗ ತಾನೆ ಸಂಜೆ ಕ್ಲಾಸಿಗೆ ಹೋಗಿ ಅಕ್ಷರ ಕಲ್ತಿದ್ರು. ಜೀವಮಾನದಲ್ಲಿ ಮೊದಲ್ನೇ ಸಹಿ ಹಾಕಿದ್ದು ಆ ಕಾಗದಕ್ಕೆ, ಕೆಲ್ಸ ಸೊಸೆಗೇ ಕೊಡಿ ಅಂತ. ಅವ್ರಿಗೆ ಹೇಳ್ದೆ ನಾನು ಹೂಂ ಅನ್ನಲ್ಲ."

"ಫೋನ್ ಮಾಡಿದ್ರೆ?"

"ಕಿವಿ ಕೇಳ್ಸಲ್ಲ. ಫೋನೂ ಮೈದುನನ ಕೈಯಲ್ಲೇ ಇರೋದು. ಕಾಗದಾನೇ ಬರೀಬೇಕು. ವರ್ಷದಿಂದ ಮನಸ್ಸಲ್ಲೇ ಬರೀತಾ ಇದೀನಿ."

ವರ್ಷದಿಂದ ಅಂದಳು. ಗುರುಮಲ್ಲು ಹೋಟೆಲು ಹುಡುಕಿದ್ದೇ ಮೂರು ತಿಂಗಳು.

ಅಲ್ಲಿಂದ ಪ್ರತಿ ಗುರುವಾರ ನನ್ನ ಮೇಲೆ ಕಾಗದ. ಅತ್ತೆ ಪುಟ್ಟಗೌರಮ್ಮ ಇರುವುದು ಹನೂರಿನಲ್ಲಿ, ಚಿಕ್ಕ ಮಗನ ಮನೆಯಲ್ಲಿ. ದಾಕ್ಷಾಯಿಣಿ ಪೆನ್ನು ಒತ್ತಿ ಬರೆಯುತ್ತಿದ್ದಳು, ಒಂದೊಂದು ಅಕ್ಷರವೂ ಹಾಳೆ ದಾಟಿ ನನ್ನ ಹಲಗೆಗೆ ಇಳಿಯುತ್ತಿತ್ತು. ಪೂಜ್ಯ ಅತ್ತೆಯವರಿಗೆ ಅನ್ನುವುದು ಎಷ್ಟು ಸಲ ಇಳಿಯಿತೋ. ಅದರ ಕೆಳಗೆ ಕ್ಷಮೆ, ಕಾರಣ, ಒಂಟಿತನ, ಜನ ಏನನ್ನುತ್ತಾರೆ, ಮತ್ತೆ ಕ್ಷಮೆ. ಎರಡು ಪುಟ, ಮೂರು ಪುಟ. ಓದಿಕೊಳ್ಳುವಳು, ಹರಿಯುವಳು. ಗುರುಮಲ್ಲು ಆರನೇ ಮೇಜಿನಲ್ಲಿ ಕೂತು ಊಟದ ಪಟ್ಟಿಯನ್ನು ತಿರುವಿ ಹಾಕುತ್ತಿದ್ದ. ಹತ್ತಿರ ಹೋದರೆ ಒತ್ತಾಯ ಮಾಡಿದ ಹಾಗೆ, ಹೋಟೆಲಿಗೇ ಬಾರದಿದ್ದರೆ ಬೇಡವಾದ ಹಾಗೆ. ಹರಿದ ಶಬ್ದ ಕೇಳಿದಾಗಲೆಲ್ಲ ಅವನ ಚಪ್ಪಲಿ ನೆಲವನ್ನು ಒಮ್ಮೆ ಕೆರೆಯುತ್ತಿತ್ತು. ನಾಲ್ಕು ತಿಂಗಳು ಹೀಗೇ ನಡೆಯಿತು.

ಆ ಹೊತ್ತಿಗೆ ನನ್ನ ಕಾಲವೂ ಮುಗಿಯುತ್ತ ಬಂದಿತ್ತು. ಹಲಗೆಗೆ ಗೆದ್ದಲು ಹತ್ತಿತು, ಒಂದು ಕಾಲು ಬಿರುಕು ಬಿಟ್ಟಿತು. ಯಾರದೋ ಸೂಪು ತೊಡೆಯ ಮೇಲೆ ಚೆಲ್ಲಿದ ದಿನ ಜೆಸಿಂತಾಬಾಯಿ ನನ್ನನ್ನು ಹಿತ್ತಲ ಜಗಲಿಗೆ ಸಾಗಿಸಿದರು, ಗ್ಯಾಸ್ ಸಿಲಿಂಡರುಗಳ ಪಕ್ಕಕ್ಕೆ. ಕಿಟಕಿಯ ಬಳಿ ಅಮೃತಶಿಲೆಯ ಹೊಸ ಮೇಜು ಬಂತು. ದಾಕ್ಷಾಯಿಣಿ ಅದರ ಮೇಲೆ ಕೈಯಿಟ್ಟು ನೋಡಿ, "ಇದು ಆಸ್ಪತ್ರೆ ಥರ ತಣ್ಣಗಿದೆ ಅಕ್ಕ" ಅಂದು ಹಿತ್ತಲಿಗೇ ಬಂದಳು. ಆ ಗುರುವಾರ ಗುರುಮಲ್ಲುವಿಗೆ ಆರನೇ ಮೇಜಿನಲ್ಲಿ ಕೂರಲಾಗಲಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಬಂದು ಕೂತ. ಅವಳು ಇನ್ನೊಂದು ಹಾಳೆ ಹರಿಯಲು ಹಿಡಿದಾಗ, ನಾಲ್ಕು ತಿಂಗಳಲ್ಲಿ ಮೊದಲ ಸಲ ಬಾಯಿ ಹಾಕಿದ.

"ಒಂದು ಕೇಳ್ಲಾ? ಇಷ್ಟುದ್ದ ಕಾಗದಾನ ಅಲ್ಲಿ ಯಾರು ಓದ್ತಾರೆ?"

ಅವಳ ಕೈ ನಿಂತಿತು.

"ಮೈದುನನೇ ಓದಿ ಹೇಳ್ಬೇಕು."

"ಅವ್ರಾಗೇ ಓದಲ್ವಾ? ಅಕ್ಷರ ಕಲ್ತಿದಾರೆ ಅಂದ್ರಿ."

"ಬಸ್ಸಿನ ಬೋರ್ಡು ಓದ್ತಾರೆ. ಸಣ್ಣ ಅಕ್ಷರ ಆಗಲ್ಲ." ಹಾಳೆಯನ್ನು ಕೆಳಗಿಟ್ಟು, "ಅದಕ್ಕೇ ನನಗೆ ಕಳಿಸಕ್ಕೆ ಆಗ್ತಿರ್ಲಿಲ್ಲ," ಅಂದಳು. "ಇದು ಅವನ ಬಾಯಲ್ಲಿ ಅವ್ರ ಕಿವಿಗೆ ಬೀಳ್ಬಾರ್ದು."

"ಹಂಗಾದ್ರೆ ಬೋರ್ಡಿನಷ್ಟೇ ಬರೀರಿ."

ಅವಳು ಹೊಸ ಹಾಳೆ ಇಟ್ಟಳು. ಈ ಸಲ ಒತ್ತಲಿಲ್ಲ, ನಿಧಾನವಾಗಿ ಬರೆದಳು. ಬಸ್ಸಿನ ಹಣೆಯ ಮೇಲೆ ಇರುವಂಥ ದಪ್ಪ, ದುಂಡನೆಯ ಅಕ್ಷರ, ಹಾಳೆಗೆ ನಾಲ್ಕೇ ಸಾಲು.

ಅತ್ತೆ, ನನ್ನನ್ನು ಒಬ್ಬರು ಮದುವೆಗೆ ಕೇಳಿದ್ದಾರೆ.
ನನಗೆ ಇಷ್ಟ.
ನಿಮ್ಮನ್ನು ಕೇಳದೆ ಹೂಂ ಅಂದಿಲ್ಲ.
ನಿಮ್ಮ ಮಗನ ಫೋಟೋ ನನ್ನ ಜೊತೆಗೇ ಬರುತ್ತದೆ.

ಜೆಸಿಂತಾಬಾಯಿಯೂ ಜಗಲಿಗೆ ಬಂದರು, ಬರೆದದ್ದನ್ನು ಮೂವರೂ ನೋಡಿದರು. ಜೆಸಿಂತಾಬಾಯಿ ಮೂಗು ಒರೆಸಿಕೊಂಡು, ಉಕ್ಕುತ್ತಿರುವುದು ಏನೂ ಇಲ್ಲದಿದ್ದರೂ ಒಲೆ ನೋಡಲು ಒಳಗೆ ಹೋದರು.

ನಾನು ಇನ್ನೆಷ್ಟು ದಿನ ನಿಂತಿರುತ್ತೇನೋ ಗೊತ್ತಿಲ್ಲ. ಗೆದ್ದಲು ತನ್ನ ಕೆಲಸ ಬಿಡುವುದಿಲ್ಲ. ರವಿಕೆಯೋ ತಟ್ಟೆಯೋ ಕಾಗದವೋ, ಮನುಷ್ಯರು ತಮ್ಮ ಕೈಯಲ್ಲಿ ಹಿಡಿಯಲಾರದ್ದನ್ನು ಸ್ವಲ್ಪ ಹೊತ್ತು ಇಳಿಸಿಡಲು ಒಂದು ಜಾಗ ಬೇಕು. ಅಷ್ಟು ಹೊತ್ತು ಅಲುಗದೆ ನಿಲ್ಲುವುದೇ ನಮ್ಮಂಥವರ ಕೆಲಸ. ಅದನ್ನೂ ನಾನು ಸರಿಯಾಗಿ ಮಾಡಿದೆನೆಂದು ಹೇಳಲಾರೆ. ಎಷ್ಟೋ ಸಲ ಅವರಿಗಿಂತ ನಾನೇ ಹೆಚ್ಚು ನಡುಗಿದ್ದೇನೆ. ಪುಟ್ಟಗೌರಮ್ಮ ಏನನ್ನುತ್ತಾರೋ ಎಂಬ ಭಯ ಈಗಲೂ ನನ್ನ ಕಬ್ಬಿಣದಲ್ಲಿ ಇದೆ.

ಹಿತ್ತಲ ಗೇಟಿನ ಎದುರಿಗೇ ಅಂಚೆ ಡಬ್ಬಿ. ಗುರುಮಲ್ಲು ಎದ್ದು, "ನಾನು ಹಾಕ್ಲಾ?" ಅಂದ.

"ಬೇಡಿ. ಕೂತ್ಕೊಳ್ಳಿ."

ಅವಳೊಬ್ಬಳೇ ರಸ್ತೆ ದಾಟಿದಳು. ಗೇಟಿನ ಸರಳುಗಳ ಸಂದಿಯಲ್ಲಿ ನನಗೆ ಕಂಡದ್ದು ಆ ಎರಡು ಪಾದ ಮಾತ್ರ. ಡಬ್ಬಿಯ ಮುಂದೆ ಅಗಲವಾಗಿ ಊರಿ ನಿಂತಿದ್ದವು. ಸ್ಕೂಟರೊಂದು ಹೋಯಿತು. ತರಕಾರಿ ಗಾಡಿಯೊಂದು ಹೋಯಿತು. ಪಾದಗಳು ಹಾಗೇ ಇದ್ದವು. ಆಮೇಲೆ ಬಿರಿದ ಹಿಮ್ಮಡಿಗಳೆರಡೂ ನೆಲ ಬಿಟ್ಟು ಮೇಲೆದ್ದವು. ಡಬ್ಬಿಯೊಳಗೆ ಕಾಗದ ಬಿದ್ದ ಸದ್ದು ಇಲ್ಲಿಯವರೆಗೂ ಕೇಳಿಸಿತು.