ಕಿವಿರಿನ ಕೆಂಪು

ತೆಕ್ಕಟ್ಟೆಯ ಮೀನು ಮಾರ್ಕೆಟ್ಟಿನಲ್ಲಿ ಸರಸಕ್ಕನ ಬಾಯಿಗೆ ಎದುರು ನಿಂತವರಿಲ್ಲ. ಗಿರಾಕಿ ಬಂಗುಡೆಯ ಕಿವಿರಿಗೆ ಕೈ ಹಾಕುವ ಮೊದಲೇ ತಾನೇ ಎತ್ತಿ, "ಕಾಣಿ, ನೆತ್ತ್ರ್ ಹ್ಯಾಂಗಿತ್ತ್!" ಎಂದು ಒಳಗಿನ ತಾಜಾ ರಕ್ತದ ಕೆಂಪು ತೋರಿಸುವಳು. ಕೆಂಪಿಗೇನು ಬರ? ನಿನ್ನೆಯ ಮೀನನ್ನು ಚೆನ್ನಾಗಿ ತೊಳೆದು, ಕಿವಿರಿಗೆ ಇವತ್ತಿನ ಮೀನಿನ ರಕ್ತ ಸವರಿದರೆ ಆಯಿತು. ಅದು ಮೋಸವೆಂದು ಆಕೆಗೆ ಯಾವತ್ತೂ ಅನ್ನಿಸಿದ್ದಿಲ್ಲ; ವ್ಯಾಪಾರ, ಅಷ್ಟೆ.

ಹೆದ್ದಾರಿ ಅಗಲವಾಗುತ್ತಿದ್ದ ವರ್ಷ ಮಗಳು ರಮಿತಾ ಚೊಚ್ಚಲು ಬಸುರಿ. ಗರ್ಭದ ಮಾಸು ಮಗುವಿನ ದಾರಿಗೆ ಅಡ್ಡವಾಗಿ ಕೆಳಗೆ ಕೂತಿತ್ತು. ಹೊಟ್ಟೆ ಕೊಯ್ದೇ ಮಗು ತೆಗೆಯಬೇಕು, ರಕ್ತ ತುಂಬಾ ಹೋಗಬಹುದು. ಅವಳದು ಅಪರೂಪದ ಗುಂಪು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹುಡುಕಿದರೂ ಸಾಲುವಷ್ಟು ಸಿಕ್ಕಿರಲಿಲ್ಲ.

"ಹೆದರಬೇಡಿ ಸರಸಕ್ಕ. ಹೊಸ ಮೆಷಿನ್ ಬಂದಿದೆ," ಎಂದರು ಡಾಕ್ಟರ್ ಸುಗುಣ. "ಹೋದ ರಕ್ತವನ್ನೇ ಹೀರಿ, ತೊಳೆದು, ಅವಳಿಗೇ ವಾಪಸ್ ಕೊಡುತ್ತೇವೆ."

ತೊಳೆದು! ಸರಸಕ್ಕನಿಗೆ ಕೇಳಿಸಿದ್ದು ಅದೊಂದೇ. ಜಗತ್ತಿನ ಬೇರೆ ಯಾವ ಮಾತನ್ನಾದರೂ ನಂಬಿಯಾಳು, ಇದೊಂದನ್ನು ನಂಬುವುದುಂಟೆ?

"ತೊಳ್ದದ್ದ್ ಬ್ಯಾಡ ಡಾಕ್ಟ್ರಮ್ಮಾ. ತಾಜಾದ್ದೇ ತರ್ಸಿ ಹಾಕಿ."

"ಹೊರಗಿಂದ ತರುವುದೆಲ್ಲ ಫ್ರಿಜ್ಜಿನಲ್ಲಿಟ್ಟದ್ದು. ಇದಕ್ಕಿಂತ ತಾಜಾ ಎಲ್ಲೂ ಇಲ್ಲ."

ತಾನು ಗಿರಾಕಿಗಳಿಗೆ ಹೇಳುವುದೂ ಅಕ್ಷರಶಃ ಇದೇ. ಸರಸಕ್ಕ ಇನ್ನಷ್ಟು ಹೆದರಿದಳು.

"ಅಮ್ಮಾ, ಎಲ್ಲರೂ ನಿನ್ ಹಾಂಗ್ ತೊಳೂದಿಲ್ಲೆ," ಎಂದು ರಮಿತಾ ನಕ್ಕು ಒಪ್ಪಿಗೆ ಪತ್ರಕ್ಕೆ ತಾನೇ ಸಹಿ ಹಾಕಿದಳು.

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಹೊರಗೆ ಸರಸಕ್ಕ ಕುಂಭಾಶಿಯ ಗಣಪತಿಗೆ ಕೈಮುಗಿದಳು. ಮಗಳನ್ನು ಉಳಿಸು ಎಂದು ಕೇಳುವ ಮೊದಲು ಬಾಯಿಗೆ ಬಂದದ್ದು ಬೇರೆಯೇ: "ಸ್ವಾಮೀ, ಆ ಡಾಕ್ಟ್ರಮ್ಮ ನನ್ನಂತೋಳ್ ಆಗ್ದಿರ್ಲಿ."

ಹೆಣ್ಣು ಮಗು ಹುಟ್ಟಿತು. ರಕ್ತ ಅಂದುಕೊಂಡದ್ದಕ್ಕಿಂತ ಹೆಚ್ಚೇ ಹೋಗಿತ್ತು, ಮೆಷಿನ್ ಅದನ್ನು ತಿರುಗಿ ಕೊಟ್ಟಿತ್ತು. ರಮಿತಾಳನ್ನು ವಾರ್ಡಿಗೆ ತಂದಾಗ ನರ್ಸ್ ನಾಗು ಮಗುವನ್ನು ಅಜ್ಜಿಯ ಮುಂದೆ ಹಿಡಿದಳು. ಅಜ್ಜಿ ಅದರ ಮುಖವನ್ನೂ ನೋಡಲಿಲ್ಲ. ಸೀದಾ ಹೋಗಿ, ಮಲಗಿದ್ದ ಮಗಳ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ಬಗ್ಗಿದಳು.

"ಹ್ವಾಯ್, ಎಂತ ಮಾಡ್ತ್ರಿ?" ಎಂದಳು ನಾಗು.

ಒಳಗೆ ತೆಳುವಾಗಿ ಕೆಂಪಿತ್ತು. ಬೇರೆ ಯಾವ ತಾಯಿಗಾದರೂ ಅಷ್ಟು ಸಾಕಿತ್ತು. ಸರಸಕ್ಕನಿಗೆ ಸಾಲಲಿಲ್ಲ. ರೆಪ್ಪೆಯ ಅಂಚನ್ನು ಅದೇ ಹೆಬ್ಬೆರಳಿನಿಂದ ಒಮ್ಮೆ ಒರೆಸಿ, ಕಿಟಕಿಯ ಬೆಳಕಿಗೆ ಹೋಗಿ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಬಣ್ಣ ಅಂಟಿರಲಿಲ್ಲ. ಆಗ ಅತ್ತಳು.