ಹುಳುವಿನ ಪಥ್ಯ

ನನ್ನ ಹೊಟ್ಟೆ ಕೊಯ್ದ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ಕೊಯ್ದ ಮೇಲೆ ನನ್ನನ್ನು ರೇಷ್ಮೆಹುಳುವಿನಂತೆ ಸಾಕಲು ಹೊರಟರಲ್ಲ, ಅವರನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಎಪ್ಪತ್ತೊಂದನೇ ಇಸವಿ. ಬೆಂಗಳೂರಿನ ಹತ್ತಿರದ ವಿಜಯಪುರದ ಪಕ್ಕದ ಹಳ್ಳಿ ನಮ್ಮದು. ಹೊಟ್ಟೆನೋವೆಂದು ಒದ್ದಾಡುತ್ತಿದ್ದವಳಿಗೆ ಓಮದ ಕಷಾಯ ಕುಡಿಸಿ ಕುಡಿಸಿ, ಕೊನೆಗೆ ನಾನು ಕಣ್ಣು ಮೇಲೆ ಮಾಡಿದಾಗ ನನ್ನ ಗಂಡ ಆವಲಪ್ಪ ರೇಷ್ಮೆಗೂಡು ಸಾಗಿಸುವ ಲಾರಿಯಲ್ಲಿ ಮಲಗಿಸಿಕೊಂಡು ಬೆಂಗಳೂರಿಗೆ ಓಡಿದ. ಅಪೆಂಡಿಕ್ಸ್ ಅಂತಾರಲ್ಲ, ಆ ಕರುಳಿನ ಬಾಲ ಒಡೆದು ಹೊಟ್ಟೆಯೊಳಗೆಲ್ಲ ಕೀವು ಹರಡಿತ್ತಂತೆ. ಹೋದ ತಕ್ಷಣ ಕೊಯ್ದರು, ಬದುಕಿಕೊಂಡೆ.

ಮರುದಿನವೇ ನರ್ಸು ನನ್ನನ್ನು ಎಬ್ಬಿಸಿ ಕೂರಿಸಿದರು. ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಕೆಮ್ಮುವುದನ್ನು ಹೇಳಿಕೊಟ್ಟರು, ಕೈಹಿಡಿದು ವಾರ್ಡಿನ ತುದಿಯವರೆಗೆ ನಡೆಸಿದರು. ಪಕ್ಕದ ಮಂಚದ ಬೈರಮ್ಮನಿಗೂ ನನ್ನಂಥದೇ ಆಪರೇಷನ್. ಹೊಲಿಗೆ ಬಿಚ್ಚೀತೆಂದು ಅವಳ ಮನೆಯವರಿಗೆ ಭಯ. ನರ್ಸು ಕೂರಿಸಿ ಆ ಕಡೆ ಹೋದರೆ ಸಾಕು, ಇವರು ಮಲಗಿಸಿಬಿಡುತ್ತಿದ್ದರು. ಎದೆಯಲ್ಲಿ ಕಫ ಕಟ್ಟಿ ಬೈರಮ್ಮ ಹೋಗಿಬಿಟ್ಟಳು. ಆ ಖಾಲಿ ಮಂಚವನ್ನು ನಾನು ಮರೆತಿಲ್ಲ.

ಮನೆಗೆ ಕಳಿಸುವಾಗ ಡಾಕ್ಟರು ಆವಲಪ್ಪನಿಗೆ ಬಿಡಿಸಿ ಹೇಳಿದರು. ದಿನಾ ಓಡಾಡಿಸಬೇಕು. ಬೇಳೆ, ಸೊಪ್ಪು, ಮೊಟ್ಟೆ, ಹಾಲು ಎಲ್ಲ ಕೊಡಬೇಕು, ಮೈಯಲ್ಲಿ ಬಲವಿಲ್ಲದಿದ್ದರೆ ಗಾಯ ಕೂಡುವುದಿಲ್ಲ. ಅವನು ಎಲ್ಲದಕ್ಕೂ ತಲೆಯಾಡಿಸಿದ. ಊರಿಗೆ ಬಂದ ಮೇಲೆ ಅದೇ ತಲೆಯನ್ನು ಅವನ ಅಮ್ಮನ ಮುಂದೆಯೂ ಆಡಿಸಿದ.

ನಮ್ಮತ್ತೆ ದ್ಯಾವಮ್ಮ ಹುಳ ಸಾಕುವುದರಲ್ಲಿ ಸುತ್ತಲ ಹಳ್ಳಿಗಳಿಗೆಲ್ಲ ಹೆಸರಾದವಳು. ಹುಳ ಪೊರೆ ಬಿಡುವ ಹೊತ್ತಿಗೆ ತಲೆಯೆತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ. ಆಗ ಸೊಪ್ಪು ಹಾಕುವಂತಿಲ್ಲ, ತಟ್ಟೆ ಮುಟ್ಟುವಂತಿಲ್ಲ. ತೊಂದರೆ ಕೊಟ್ಟರೆ ಹಳೆಯ ಚರ್ಮ ಕಳಚದೆ ಸಾಯುತ್ತದೆ. ಈ ವಿದ್ಯೆಯನ್ನೇ ಅವಳು ನನ್ನ ಮೇಲೂ ಪ್ರಯೋಗಿಸಿದಳು.

"ಹೊಸ ಚರ್ಮ ಬರೋ ಹೊತ್ತು ಕಣೇ ನರಸಮ್ಮ. ತಿನ್ನಬಾರದು, ಅಲ್ಲಾಡಬಾರದು," ಅಂದಳು.

ನಡುಮನೆಯ ಮೂಲೆಯಲ್ಲಿ ಚಾಪೆ ಹಾಸಿ, ಕಿಟಕಿಗೆ ಗೋಣಿತಾಟು ಕಟ್ಟಿ ನನ್ನನ್ನು ಮಲಗಿಸಿದರು. ಕುಡಿಯಲು ಗಂಜಿಯ ತಿಳಿ. ಬೇಳೆ ನಂಜು, ಮೊಟ್ಟೆ ನಂಜು, ಹಾಲು ಕುಡಿದರೆ ಕೀವು. ಎದ್ದು ಕೂತರೆ ಮಲಗು ಅನ್ನುತ್ತಿದ್ದರು. ನೋಡಲು ಬಂದ ನೆಂಟರೂ ಅತ್ತೆಯ ಮಾತಿಗೆ ಹೂಂಗುಟ್ಟಿ, ಹೊಟ್ಟೆ ತುಂಬ ಉಂಡು ಹೋದರು. ಡಾಕ್ಟರು ಓದಿದ್ದೆಲ್ಲ ಈ ನೆಂಟರ ಮುಂದೆ ಕಾಸಿಗೂ ಬಾಳದ್ದಾಯಿತು.

ಗಾಯದ ಒಂದು ತುದಿ ಒಣಗದೆ ಒದ್ದೆಯಾಗಿಯೇ ಉಳಿಯಿತು. ಎದೆಯಲ್ಲಿ ಗೊರಗೊರ ಶುರುವಾದಾಗ ಬೈರಮ್ಮ ನೆನಪಾದಳು. ಒಂದು ಮೊಟ್ಟೆ ಬೇಯಿಸಿ ಕೊಡೆಂದು ಗಂಡನ ಹತ್ತಿರ ಬೇಡಿಕೊಂಡೆ. ಅಮ್ಮನಿಗೆ ತಿಳಿಯದ್ದು ನಿನಗೇನು ತಿಳಿದೀತು ಅಂದ. ಹೊಟ್ಟೆ ನನ್ನದು, ತಿಳಿವಳಿಕೆ ಮಾತ್ರ ಅವನಮ್ಮನದು!

ಒಂದು ಬೆಳಿಗ್ಗೆ ಹುಳುಗಳು ಪೊರೆ ಬಿಟ್ಟು ಎದ್ದವು. ಮನೆಯಲ್ಲಿ ಗಡಿಬಿಡಿಯೋ ಗಡಿಬಿಡಿ. ಅತ್ತೆ ನನ್ನ ತಲೆಯ ಪಕ್ಕದಲ್ಲೇ ಬುಟ್ಟಿಗಟ್ಟಲೆ ಹಿಪ್ಪುನೇರಳೆ ಸೊಪ್ಪು ಹೊತ್ತುಕೊಂಡು ಓಡಾಡಿದಳು. ಪಾಪ, ಹಸಿದಿದ್ದಾವೆ, ಬೇಗ ಬೇಗ ಅಂತ ಮಗನನ್ನು ಗದರಿದಳು. ಹುಳುವಿನ ಹಸಿವು ಕಂಡವಳಿಗೆ ಕಾಲ ಬುಡದಲ್ಲಿ ಬಿದ್ದಿದ್ದ ಸೊಸೆಯ ಹಸಿವು ಕಾಣಲಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು. ದಿಂಬನ್ನು ಹೊಟ್ಟೆಗೆ ಅವಚಿಕೊಂಡು, ಗೋಡೆ ಹಿಡಿದು ಎದ್ದೆ. ನೆಟ್ಟಗೆ ಹುಳದ ಮನೆಗೆ ನುಗ್ಗಿ ತಟ್ಟೆಗಳ ನಡುವೆ ಕೂತುಬಿಟ್ಟೆ.

ಅಲ್ಲಿಗೆ ಸ್ನಾನ ಮಾಡದವರು ಕಾಲಿಡುವಂತಿಲ್ಲ. ಹೊಲಿಗೆಯ ದೆಸೆಯಿಂದ ನಾನು ಮೈಗೆ ನೀರು ಹಾಕಿಕೊಂಡು ಎಷ್ಟು ದಿನವಾಗಿತ್ತೋ. ಅತ್ತೆಯ ಮುಖ ಬಿಳುಚಿತು. ಎಳೆದು ಹಾಕೋಣವೆಂದರೆ ಮೈಲಿಗೆಯಾದವಳನ್ನು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕುವ ಹಾಗಿಲ್ಲ. ಹುಳುಗಳೋ ಬಾಯಿ ತೆರೆದು ಕೂತಿದ್ದವು. ಹೊಸ್ತಿಲಲ್ಲಿ ನಿಂತು ಆವಲಪ್ಪ ನನ್ನ ಮುಖ, ಅಮ್ಮನ ಮುಖ ನೋಡತೊಡಗಿದ.

"ಆಚೆಗೆ ಹೋಗೇ, ಹುಳ ಕೆಟ್ಟೋಗ್ತವೆ," ಅಂದಳು ಅತ್ತೆ.

"ಎದ್ದ ಹುಳಕ್ಕೆ ಸೊಪ್ಪು ಹಾಕದೆ ಬಿಟ್ರೆ ಏನಾಗ್ತದೆ ಅತ್ತೆಮ್ಮ?"

"ಸೊರಗಿ ಸಾಯ್ತವೆ," ಅಂದಳು. ಬಾಯಿ ತಪ್ಪಿ ಬಂದಿತ್ತು.

"ನಾನು ಆಸ್ಪತ್ರೇಲೇ ಎದ್ದೆ. ನಂಗೂ ಹಾಕು. ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ ಬರೋಗಂಟ ಇಲ್ಲಿಂದ ಏಳಾಕಿಲ್ಲ."

ಅತ್ತೆ ಸೊಪ್ಪಿನ ಬುಟ್ಟಿ ಹಿಡಿದು ಒಮ್ಮೆ ಹುಳುಗಳ ಕಡೆ ನೋಡಿದಳು. ಆಮೇಲೆ ಮಗನ ಕಡೆ ತಿರುಗಿ, ನಿಂತು ನೋಡ್ತೀಯೇನೋ, ತಗೊಂಡು ಬಾ ಅಂತ ರೇಗಿದಳು. ಸಾರು ಕುದಿಯುವವರೆಗೆ ಕಾದೆ, ಕೂತಲ್ಲೇ ಉಂಡು, ನಡೆದುಕೊಂಡೇ ಆಚೆ ಬಂದೆ. ಅಂದಿನಿಂದ ಉಣ್ಣುವುದನ್ನೂ ನಡೆಯುವುದನ್ನೂ ಬಿಡಲಿಲ್ಲ. ಯಾರಾದರೂ ತಡೆದರೆ ಹುಳದ ಮನೆಯ ಬಾಗಿಲ ಕಡೆ ನೋಡುತ್ತಿದ್ದೆ, ಅಷ್ಟು ಸಾಕಾಗುತ್ತಿತ್ತು. ಎದೆ ತಿಳಿಯಾಯಿತು, ಗಾಯ ಒಣಗಿತು. ಹುಳುಗಳೂ ಕೆಡಲಿಲ್ಲ, ಒಳ್ಳೆಯ ಗೂಡು ಕಟ್ಟಿದವು.

ಅತ್ತೆ ಮಾತ್ರ ಊರಿಗೆಲ್ಲ ಹೇಳಿಕೊಂಡು ಬಂದದ್ದೇ ಬೇರೆ. ಸೊಸೆ ಉಳಿದದ್ದು ಅವಳ ಪಥ್ಯದಿಂದಂತೆ! ಊರು ನಂಬಿತು. ಆಮೇಲೆ ಯಾರ ಹೊಟ್ಟೆ ಕೊಯ್ದರೂ ಪಥ್ಯ ಹೇಳಲು ಅವಳನ್ನೇ ಕರೆಸುತ್ತಿದ್ದರು. ಅವಳು ಮುಂದೆ ಮುಂದೆ ಹೋಗುತ್ತಿದ್ದಳು. ಸೆರಗಿನಲ್ಲಿ ಮೊಟ್ಟೆ ಕಟ್ಟಿಕೊಂಡು ಅವಳ ಹಿಂದೆಯೇ ನಾನೂ ಹೋಗುತ್ತಿದ್ದೆ.