ಕಣ್ಣಿನ ವಿಭಾಗಕ್ಕೆ ದಾರಿ

ಬಿಳಿಯಲ್ಲ ಈ ಗೋಡೆ, ಯಾರು ಹೇಳಿದ್ದು ಬಿಳಿ ಅಂತ, ಹಳೇ ಹಲ್ಲಿನ ಬಣ್ಣ, ಕೆಳಗೆ ಸ್ಟ್ರೆಚರ್ ಉಜ್ಜಿ ಉಜ್ಜಿ ಬಿದ್ದ ಕಪ್ಪು ಗೀಟು, ಅದರ ಮೇಲೆ ತನ್ನ ನೀಲಿ ಅಂಟುಹಾಳೆಯ ಕಣ್ಣು ಎಷ್ಟು ಚೆನ್ನಾಗಿ ಕೂತಿದೆ ನೋಡು, ಕಾಲೇಜಿನ ಕಂಪ್ಯೂಟರಿನಲ್ಲಿ ಇದು ಇಷ್ಟು ನೀಲಿ ಇರಲೇ ಇಲ್ಲ — ಅವಳು ಮೂರು ಹೆಜ್ಜೆ ಹಿಂದೆ ಸರಿದಳು, ಇನ್ನೊಂದು ಹೆಜ್ಜೆ, ಕಾಲಿಗೆ ಬೆಂಚು ತಾಗಿತು, ತಾಗಲಿ, ಎರಡನೇ ವರ್ಷದ ಹುಡುಗಿಯೊಬ್ಬಳು ಮಾಡಿದ ಕಣ್ಣು ಆಸ್ಪತ್ರೆಯ ಗೋಡೆಯ ಮೇಲೆ, ನಿಜವಾದ ಗೋಡೆ, ನಿಜವಾದ ಕಾಯಿಲೆಯವರು, ಎದೆಯೊಳಗೆ ಯಾರೋ ಕುಪ್ಪಳಿಸುತ್ತಿದ್ದಾರೆ. ಒಂದು ಕಣ್ಣು, ಪಕ್ಕದಲ್ಲಿ ಎಡಕ್ಕೆ ಬಾಣ, ಅಷ್ಟೇ, ಒಂದಕ್ಷರ ಇಲ್ಲ, ಓದು ಬಾರದವರಿಗೂ ತಿಳಿಯಬೇಕು, ಅದೇ ತಾನೆ ಪಾಠ. ಮೂರು ವಾರ ತಿದ್ದಿದ ಕಣ್ಣು. ಸ್ಕೇಲ್ ಸರ್ — ಡಿಸೈನ್ ಕಲಿಸುವ ಮೇಷ್ಟ್ರು, ಜೇಬಿನಲ್ಲಿ ಪೆನ್ನಿನ ಬದಲು ಉಕ್ಕಿನ ಸ್ಕೇಲು — ಅಳೆದು, ತಿರುಗಿಸಿ ಅಳೆದು, ಕೂದಲೆಳೆಯಷ್ಟೂ ತಪ್ಪಿಲ್ಲ ಕಣಮ್ಮಾ ಅಂದಿದ್ದರು, ಬೇರೆಯವರು ಕುಣಿದಾಡಿದ್ದಕ್ಕೆ ಸಮ ಅದು, ಆದ್ರೆ ನನ್ನ ಶಭಾಷ್ ಲೆಕ್ಕಕ್ಕಿಲ್ಲ ಅಂದರು, ಗೋಡೆ ಪರೀಕ್ಷೆ ಮಾಡತ್ತೆ, ಬೆಳಗ್ಗೆಯಿಂದ ಅಲ್ಲೇ ನಿಂತು ನೋಡು, ಮಧ್ಯಾಹ್ನ ಒಂದು ಗಂಟೆಗೆ ಆಸ್ಪತ್ರೆಯ ಮೇಲ್ವಿಚಾರಕರನ್ನ ಕರ್ಕೊಂಡು ಬರ್ತೀನಿ, ಜನ ದಾರಿ ಕೇಳದೆ ಹೋಗ್ತಿದ್ರೆ ಮೂರೂ ಮಹಡಿಗೆ ನಿನ್ನ ಚಿತ್ರಗಳೇ, ಇಲ್ಲಾಂದ್ರೆ ಅವರು ಅಂಗಡಿಯಿಂದ ಸ್ಟಿಕ್ಕರ್ ತಂದು ಅಂಟಿಸ್ತಾರೆ. ಇನ್ನೊಂದು ಮಾತೂ ಅಂದಿದ್ದರು, ಬೆಳಗ್ಗೆ ಸ್ಟುಡಿಯೋದಲ್ಲಿ ಇದ್ದಿಲು ಹಿಡ್ಕೊಂಡು ಚಿತ್ರ, ಮಧ್ಯಾಹ್ನ ನನ್ನ ಹತ್ರ ಗ್ರಾಫಿಕ್ ಡಿಸೈನ್, ಎರಡು ದೋಣೀಲಿ ಕಾಲಿಟ್ಟವರು ನೀರಿಗೇ ಬೀಳೋದು, ಒಂದನ್ನ ಬಿಡು. ಬಿಡಬೇಕಂತೆ! ಊಟ ಬೇಕಾ ನಿದ್ದೆ ಬೇಕಾ ಅಂತ ಕೇಳಿದ ಹಾಗೆ.

ಬಂದ, ಒಬ್ಬ ಬಂದ, ತಲೆ ಎತ್ತಿದ, ನೋಡಿದ, ನೋಡುತ್ತಲೇ ಇದ್ದಾನೆ — ಜೇಬಿನಿಂದ ಬಾಚಣಿಗೆ ತೆಗೆದು ಕ್ರಾಪು ತೀಡಿಕೊಂಡು ಬಲಕ್ಕೆ ಹೋದ. ಇದೇನಿದು. ಹಿಂದೆಯೇ ತಾಯಿ ಮಗಳು, ಮಗಳು ಗೋಡೆಗೆ ಒದೆಯುತ್ತಿದ್ದಾಳೆ, ತಾಯಿ ಕಣ್ಣಿನತ್ತ ಬೆರಳು ತೋರಿಸಿ, ಸುಮ್ನಿರೇ, ಅಲ್ಲಿ ಕ್ಯಾಮೆರಾ ಇದೆ, ನೋಡ್ತಿದ್ದಾರೆ. ಕ್ಯಾಮೆರಾ! ಮೂರು ವಾರದ ಕಣ್ಣು ಕ್ಯಾಮೆರಾ! ಇನ್ನೊಬ್ಬರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು, ನಗು ಬಂತು, ಅಳು ಬಂತು. ಕೊನೆಗೆ ಎಲ್ಲರೂ ಹೋಗುವುದು ಚಿಕ್ಕಮ್ಮನ ಹತ್ತಿರವೇ, ವಿಚಾರಣೆ ಮೇಜಿನ ಚಿಕ್ಕಮ್ಮ, ಹದಿನಾರು ವರ್ಷದಿಂದ ಎಡಕ್ಕೆ ಹೋಗಿ, ಆಮೇಲೆ ಬಲಕ್ಕೆ, ಅಂದೂ ಅಂದೂ ಸಂಜೆಗೆ ಗಂಟಲು ಒಡೆದ ಮಡಕೆ, ಮನೆಗೆ ಬಂದರೆ ಬರೀ ಕೈಸನ್ನೆ, ಆದರೆ ಬಣ್ಣ ಬಳಿಯೋಕೂ ಕಾಲೇಜು ಬೇಕಾ ಅಂತ ಅಪ್ಪ ಎಗರಾಡಿದ ದಿನ ಆ ಒಡಕು ಗಂಟಲಲ್ಲೇ, ಬೇಕು ಭಾವ, ಬೇಕು, ಅಂದವಳು ಅವಳೇ. ಈಗ ಮೇಜಿನಾಚೆಯಿಂದ ಹುಬ್ಬು ಹಾರಿಸುತ್ತಾಳೆ, ಏನಾಯ್ತೇ? ಮಣ್ಣಾಯ್ತು ಚಿಕ್ಕಮ್ಮ, ಕಣ್ಣು ಹೋಗಿ ಮಣ್ಣಾಯ್ತು. ಗಂಟೆ ಹನ್ನೊಂದೂಕಾಲು. ಕಿತ್ತುಹಾಕಿ ಓಡಿಹೋಗಲೇ — ಇಲ್ಲ, ತಾಳು, ಇದ್ದಿಲಮ್ಮ ಏನನ್ನುತ್ತಿದ್ದರು, ಸ್ಟುಡಿಯೋದ ಟೀಚರು, ಮೂಗಿನ ತುದಿಯಲ್ಲಿ ಸದಾ ಮಸಿ, ಅಳೆಯೋದು ಆಮೇಲೆ, ಮೊದಲು ನೋಡೋದು ಕಲಿ, ವಸ್ತು ಬರೀಬೇಡ ಮಗೂ, ಅದು ಏನು ಮಾಡ್ತಿದೆ ಅದನ್ನ ಬರಿ. ನೋಡಿದ್ದೇನೆಯೇ ನಾನು? ಮೂರು ವಾರ ಕಂಪ್ಯೂಟರ್ ನೋಡಿದೆ, ಕಣ್ಣು ನೋಯುವ ಒಬ್ಬರೇ ಒಬ್ಬರನ್ನು ನೋಡಿದೆನೇ?

ಬೆಂಚಿನ ಮೇಲೆ ಕೂತಳು, ಸ್ಕೆಚ್ ಪುಸ್ತಕ ಮಂಡಿಯ ಮೇಲೆ, ಬಂದವರನ್ನೆಲ್ಲ ಬರೆಯತೊಡಗಿದಳು, ಸರಸರ, ಮುಖ ಮೂಡುವ ಮೊದಲೇ ಇನ್ನೊಬ್ಬರು, ಹಲ್ಲುನೋವಿನವನು ಕೆನ್ನೆ ಹಿಡಿದು, ಬಸುರಿ ಸೊಂಟ ಹಿಡಿದು, ಲಾರಿ ಡ್ರೈವರನೊಬ್ಬ ಒಂದು ಕಣ್ಣಿಗೆ ಅಂಗೈ ಒತ್ತಿಕೊಂಡು, ಶಾಲೆಯ ಹುಡುಗಿ ಅಂಗೈಯಲ್ಲಿ ಕಣ್ಣು ಮುಚ್ಚಿಕೊಂಡು, ಅಜ್ಜಿ, ಅಜ್ಜಿಯೂ ಅಂಗೈ — ಪೆನ್ಸಿಲ್ ನಿಂತಿತು. ಅಯ್ಯೋ ಪೆದ್ದೀ. ಕಣ್ಣಿನವರು ಕಣ್ಣು ತೋರಿಸಿಕೊಂಡು ಬರುವುದಿಲ್ಲ, ಮುಚ್ಚಿಕೊಂಡು ಬರುತ್ತಾರೆ! ಬ್ಯಾಗು ಕೆದಕಿದಳು, ಉಳಿದ ನೀಲಿ ಅಂಟುಹಾಳೆ ಇದೆ, ಕತ್ತರಿ, ಚಿಕ್ಕಮ್ಮ ಕತ್ತರಿ, ಚಿಕ್ಕಮ್ಮ ಯಾಕೆ ಏನು ಅನ್ನದೆ ಚಾಚಿದಳು, ಮುಖ ಒಂದು, ಅದರ ಅರ್ಧಕ್ಕೆ ಅಂಗೈ, ಸ್ಕೇಲಿಲ್ಲ ಚೌಕವಿಲ್ಲ, ಡ್ರೈವರನ ಮೊಣಕೈ, ಅಜ್ಜಿಯ ತಗ್ಗಿದ ತಲೆ, ಕಿರುಬೆರಳು ತುಸು ಬಾಗಿರಲಿ, ನೋವಿರುವ ಬೆರಳು ನೆಟ್ಟಗಿರುವುದಿಲ್ಲ, ಇದ್ದಿಲ ಕೈ ಯಾವುದು ಡಿಸೈನಿನ ಕೈ ಯಾವುದು, ಇರುವುದು ಇದೊಂದೇ ಕೈ, ಕತ್ತರಿಸು, ಹಳೆಯ ಕಣ್ಣು ಕಿತ್ತು, ಬಾಣ ಇರಲಿ, ಅಂಟಿಸು, ಗಾಳಿಗುಳ್ಳೆ ಒತ್ತಿ ತೆಗೆ.

ಒಂದು ಗಂಟೆಗೆ ಇನ್ನೈದು ನಿಮಿಷ, ಸ್ಕೇಲ್ ಸರ್ ಬಂದೇ ಬಿಟ್ಟರು, ಜೊತೆಗೆ ದಪ್ಪ ಕನ್ನಡಕದ ಮೇಲ್ವಿಚಾರಕರು, ಸರ್ ಗೋಡೆ ನೋಡಿದರು, ಕೈ ಜೇಬಿಗೆ ಹೋಯಿತು, ಇದು ನಾನು ನೋಡಿದ್ದಲ್ವಲ್ಲ, ಮೂಗು ಸೊಟ್ಟಗಿದೆಯಲ್ಲಮ್ಮಾ, ಅವಳು ಮೇಷ್ಟ್ರಿಗೆ ಎದುರಾಡಿದ್ದು ಅದೇ ಮೊದಲು, ಇರ್ಲಿ ಸರ್, ಅಳೀಬೇಡಿ, ಈ ಕಡೆ ಬಂದು ನನ್ನ ಜೊತೆ ನಿಂತ್ಕೊಳ್ಳಿ. ನಿಂತರು. ಬಾಗಿಲು ತಳ್ಳಿಕೊಂಡು ಗಾರೆ ಕೆಲಸದವನೊಬ್ಬ ಬಂದ, ಮೈಯೆಲ್ಲ ಧೂಳು, ಒಂದು ಕಣ್ಣಿನ ಮೇಲೆ ಅಂಗೈ, ಚಿಕ್ಕಮ್ಮನ ಮೇಜಿನತ್ತ ಎರಡು ಹೆಜ್ಜೆ ಇಟ್ಟ, ಗೋಡೆಯ ಮುಂದೆ ನಿಂತ, ಗೋಡೆಯಲ್ಲಿ ಅವನೇ. ಕೈ ತೆಗೆದ, ಕೆಂಪಾಗಿ ನೀರು ಸುರಿವ ಕಣ್ಣನ್ನೂ ಸೇರಿಸಿ ಎರಡೂ ಕಣ್ಣಲ್ಲಿ ನೋಡಿದ, ಪರಿಚಯದವರನ್ನು ಕಂಡಂತೆ ತಲೆಯಾಡಿಸಿದ, ಅಂಗೈ ಮತ್ತೆ ಕಣ್ಣಿಗೆ, ಯಾರನ್ನೂ ಕೇಳಲಿಲ್ಲ, ಎಡಕ್ಕೆ ತಿರುಗಿದ. ಮೂರೂ ಮಹಡಿಗೆ ಯಾವಾಗ ಮುಗಿಸ್ತೀಯಮ್ಮ ಅನ್ನುತ್ತಿದ್ದಾರೆ ಮೇಲ್ವಿಚಾರಕರು, ಎರಡನ್ನೂ ಬಿಡಬೇಡ ಅಂದರೋ ಏನೋ ಸ್ಕೇಲ್ ಸರ್, ಕೇಳಿಸುತ್ತಿದೆ, ತಲೆಗೆ ಹೋಗುತ್ತಿಲ್ಲ, ಉತ್ತರ ಹೇಳಬೇಕು, ಹೇಳಬೇಕು — ಆ ಅಂಗೈ, ಸಿಮೆಂಟು ಒಣಗಿ ಬಿರುಕುಬಿಟ್ಟ ಅಂಗೈ, ತುಸು ಬಾಗಿದ ಕಿರುಬೆರಳು, ಕಣ್ಣಿನ ಮೇಲೆ ಅಂಗೈ, ಎಡಕ್ಕೆ ತಿರುಗುತ್ತಾ, ಅಂಗೈ.